ಬ್ರೂಸ್ ಲೀ ಹೆಸರಿನ ‘ಲೀ’ ಅಂದರೆ ಶಕ್ತಿಯಲ್ಲ

ಪ್ರಶ್ನೆ: ಬ್ರೂಸ್ ಲೀ ಹೆಸರಿನ ‘ಲೀ’ಗೆ ಚೀನೀ ಭಾಷೆಯಲ್ಲಿ ಶಕ್ತಿ ಎಂಬ ಅರ್ಥವಿದೆಯಂತೆ, ಹೌದೇ?

ಇಲ್ಲ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಅದು ಒಂದು ಹಣ್ಣಿನ ಮರದ ಹೆಸರು’ ಎಂದು ಚುಟುಕಾಗಿ ಉತ್ತರಿಸಿದರೆ, ‘ಮಕ್ಕಳ ಹೆಸರಿನ ಪಟ್ಟಿಯಲ್ಲಿ ಶಕ್ತಿ ಅಂತಲೇ ಇದೆಯಲ್ಲ ಸಾರ್’ ಎಂಬ ಮರುಪ್ರಶ್ನೆ ಬರುತ್ತದೆ. ಈ ನಂಬಿಕೆ ಎರಡು ಸಾಲಿಗೆ ಜಗ್ಗುವಂಥದ್ದಲ್ಲ. ಈ ಸಲ ಬುಡದಿಂದಲೇ ಹೇಳುತ್ತೇನೆ.

ಚೀನೀಯರಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ‘ಲೀ’ ಎಂಬುದನ್ನು ಬ್ರೂಸ್ ಲೀಗೆ ಯಾರೂ ಆರಿಸಿ ಇಟ್ಟಿಲ್ಲ, ಅದು ಅಪ್ಪನ ಕಡೆಯಿಂದ ಬಂದದ್ದು. ಅಪ್ಪ ದಕ್ಷಿಣ ಚೀನಾದ ಕ್ಯಾಂಟನೀಸ್ ಮಾತಿನ ಸಂಗೀತ ನಾಟಕಗಳ ನಟ. ಮಗನಿಗೆ ಸಿನಿಮಾದಲ್ಲಿ ನಿಂತ ಚೀನೀ ಹೆಸರಿನ ಉಳಿದ ಭಾಗಕ್ಕೆ ‘ಪುಟ್ಟ ಡ್ರ್ಯಾಗನ್’ ಎಂದರ್ಥ. ಅವರು ಹುಟ್ಟಿದ 1940 ಡ್ರ್ಯಾಗನ್ ವರ್ಷ. ಹೆಸರಿನಲ್ಲಿ ಬಲದ ಸೂಚನೆ ಬೇಕೆನ್ನುವವರು ಅಲ್ಲಿ ಹುಡುಕಬೇಕು.

ಮನೆತನದ ಈ ‘ಲೀ’ಯನ್ನು ಬರೆಯುವ ಅಕ್ಷರದಲ್ಲಿ ಮೇಲೆ ಮರ, ಕೆಳಗೆ ಮಗು. ಅರ್ಥ, ಪ್ಲಮ್ ಹಣ್ಣಿನ ಮರ. ಸಿಂಗಪುರದ ಲೀ ಕ್ವಾನ್ ಯೂ, 2011ರಲ್ಲಿ ಫ್ರೆಂಚ್ ಓಪನ್ ಗೆದ್ದ ಲಿ ನಾ, ಕೊರಿಯಾದಲ್ಲಿ ಸ್ಯಾಮ್‌ಸಂಗ್ ಕಟ್ಟಿದ ಲೀ ಮನೆತನ, ಎಲ್ಲರದೂ ಇದೇ ಅಕ್ಷರ. ಚೀನಾ ಒಂದರಲ್ಲೇ ಹತ್ತು ಕೋಟಿಗೂ ಹೆಚ್ಚು ಜನರಿಗೆ ಇದು ಮನೆತನದ ಹೆಸರು.

ಹಾಗಾದರೆ ‘ಶಕ್ತಿ’ ಎಲ್ಲಿಂದ ಬಂತು? ಬೀಜಿಂಗ್ ಕಡೆಯ ಮ್ಯಾಂಡರಿನ್‌ನಲ್ಲಿ ಶಕ್ತಿ ಎಂಬ ಅರ್ಥದ ‘ಲಿ’ ಎಂಬ ಮಾತು ಇರುವುದು ನಿಜ. ಆದರೆ ಅದರ ಅಕ್ಷರ ಬೇರೆ, ದನಿಯೂ ಬೇರೆ. ಮ್ಯಾಂಡರಿನ್‌ನಲ್ಲಿ ಒಂದೇ ಉಚ್ಚಾರವನ್ನು ನಾಲ್ಕು ಏರಿಳಿತಗಳಲ್ಲಿ ನುಡಿಯುತ್ತಾರೆ. ಪ್ಲಮ್ ಮರದ ‘ಲಿ’ ಮೂರನೆಯದು, ದನಿ ತಗ್ಗಿಗೆ ಇಳಿಯುತ್ತದೆ. ಶಕ್ತಿಯ ‘ಲಿ’ ನಾಲ್ಕನೆಯದು, ಮೇಲಿಂದ ಥಟ್ಟನೆ ಬೀಳುತ್ತದೆ. ನಮ್ಮ ‘ಬೆಳೆ’ ಮತ್ತು ‘ಬೇಳೆ’ಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ, ಎರಡೂ ಒಂದೇ ಆಗಿಬಿಡುತ್ತವೆ. ಅದನ್ನು ನೋಡಿ ಹೊರಗಿನವರು ‘ಕನ್ನಡದಲ್ಲಿ ಪೈರಿಗೂ ತೊಗರಿಬೇಳೆಗೂ ಒಂದೇ ಮಾತು’ ಎಂದರೆ ನಾವು ಒಪ್ಪುತ್ತೇವೆಯೇ? ಹೆಸರಿನ ಪಟ್ಟಿಗಳು ಚೀನೀಯರಿಗೆ ಮಾಡಿರುವುದು ಇದನ್ನೇ.

ಇಷ್ಟಾದ ಮೇಲೂ ‘ಏನೇ ಆಗಲಿ, ಹತ್ತಿರದ ದನಿ ತಾನೇ’ ಎನ್ನುವವರಿದ್ದಾರೆ. ಅವರಿಗೆ ಹೇಳಬೇಕಾದ ಮುಖ್ಯ ಮಾತು ಇದು. ಬ್ರೂಸ್ ಲೀ ಬೆಳೆದದ್ದು ಹಾಂಗ್‌ಕಾಂಗಿನಲ್ಲಿ, ಮನೆಮಾತು ಕ್ಯಾಂಟನೀಸ್. ಆ ಭಾಷೆಯಲ್ಲಿ ಪ್ಲಮ್ ಮರ ‘ಲೇಯ್’, ಶಕ್ತಿ ‘ಲಿಕ್’. ಕೊನೆಗೆ ಸ್ಪಷ್ಟವಾದ ‘ಕ್’ ಇದೆ, ಸ್ವರವೂ ಬೇರೆ. ಯಾವ ಹೆಸರಿಗೆ ಈ ಅರ್ಥವನ್ನು ಅಂಟಿಸುತ್ತಿದ್ದೇವೋ ಆ ಮನುಷ್ಯನ ಸ್ವಂತ ಮಾತಿನಲ್ಲಿ ಈ ಎರಡಕ್ಕೂ ಸಂಬಂಧವೇ ಇಲ್ಲ. ಚೀನೀ ಪದಗಳನ್ನು ಬಹಳ ಹಿಂದೆಯೇ ಎರವಲು ಪಡೆದ ವಿಯೆಟ್ನಾಮಿನಲ್ಲಿಯೂ ಹೀಗೆಯೇ: ಮನೆತನ ‘ಲಿ’, ಶಕ್ತಿ ‘ಲುಕ್’. ನಿಲ್ಲು ಎನ್ನುವ ಮಾತು ಮ್ಯಾಂಡರಿನ್‌ನಲ್ಲಿ ‘ಲಿ’, ಕ್ಯಾಂಟನೀಸ್‌ನಲ್ಲಿ ‘ಲಪ್’. ಹಳೆಯ ಚೀನೀ ಪದಗಳ ಕೊನೆಯಲ್ಲಿದ್ದ ಪ್, ತ್, ಕ್ ದಕ್ಷಿಣದ ಕ್ಯಾಂಟನೀಸ್‌ನಲ್ಲಿ ಉಳಿದವು, ಉತ್ತರದ ಮ್ಯಾಂಡರಿನ್‌ನಲ್ಲಿ ಸವೆದುಹೋದವು. ಬಾಲ ಕಳೆದುಕೊಂಡ ಪದಗಳೆಲ್ಲ ಒಂದರ ಮೇಲೊಂದು ಬಿದ್ದು ‘ಲಿ’ ಆದವು. ದನಿಯ ಏರಿಳಿತ ಬಿಟ್ಟು ಎಣಿಸಿದರೆ ಮ್ಯಾಂಡರಿನ್‌ನಲ್ಲಿ ಇರುವ ಉಚ್ಚಾರಗಳೇ ಸುಮಾರು 400.

ಹೀಗಾಗಿ ಆ ಒಂದು ‘ಲಿ’ಯೊಳಗೆ ಲಾಭ, ಸುಂದರ, ಚೆಸ್ಟ್‌ನಟ್ ಕಾಯಿ, ಒಳಗೆ, ಸದಾಚಾರ, ತತ್ತ್ವ ಎಲ್ಲವೂ ಇವೆ. ದಾರಿಯನ್ನು ಅಳೆಯುವ ‘ಲಿ’ಯೂ ಇದೆ, ಈಗಿನ ಲೆಕ್ಕದಲ್ಲಿ ಅರ್ಧ ಕಿಲೋಮೀಟರ್. ನಟಿ ಗೊಂಗ್ ಲಿ ಹೆಸರಿನಲ್ಲಿ ‘ಲಿ’ ಇಟ್ಟ ಹೆಸರು, ಅಲ್ಲಿ ಅದಕ್ಕೆ ಚುರುಕು ಎಂಬ ಅರ್ಥ. ಪೇರ್ ಹಣ್ಣೂ ‘ಲಿ’, ಅಗಲುವುದೂ ‘ಲಿ’. ಈ ಎರಡರ ದನಿಯೂ ಒಂದೇ. ಅದಕ್ಕೇ ಗಂಡ ಹೆಂಡತಿ ಒಂದು ಪೇರ್ ಹಣ್ಣನ್ನು ಕತ್ತರಿಸಿ ಹಂಚಿಕೊಂಡು ತಿನ್ನಬಾರದು ಎಂಬ ನಂಬಿಕೆ ಅಲ್ಲಿದೆ.

ಮನೆತನದ ‘ಲಿ’ಗೆ ದನಿಯಲ್ಲೂ ಪೂರ್ತಿ ಹೊಂದುವ ಮಾತು ಬೇಕೆಂದರೆ ಅದು ಕಾರ್ಪ್ ಮೀನು. ತಾಂಗ್ ಅರಸರು (618–907) ಲಿ ಮನೆತನದವರು. ಅರಸನ ಹೆಸರನ್ನು ಬಲೆಗೆ ಕೆಡವಿ ಬೇಯಿಸಿ ತಿಂದಂತಾಗುತ್ತದೆ ಎಂದು ಅವರ ಆಳ್ವಿಕೆಯಲ್ಲಿ ಆ ಮೀನು ಹಿಡಿಯುವುದನ್ನೇ ನಿಷೇಧಿಸಿದರು. ಸಿಕ್ಕರೆ ನೀರಿಗೆ ಬಿಡಬೇಕು, ಮಾರಿದರೆ ಅರವತ್ತು ಏಟು ಎಂದು ಆ ಕಾಲದ ಬರಹವೊಂದು ಹೇಳುತ್ತದೆ. ಒಂದು ಉಚ್ಚಾರವನ್ನು ಒಂದು ರಾಜ್ಯ ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ನನಗೆ ಇಂದಿಗೂ ಬೆರಗು. ಅದೇ ಅರಸರು ತಮ್ಮ ‘ಲಿ’ಯನ್ನು ಬಿರುದಿನಂತೆ ಹಂಚಿದರು. ಶು ಷಿಜಿ ಎಂಬ ಸೇನಾಪತಿ ಹೀಗೆ ಲಿ ಷಿಜಿಯಾದ. ಮುಂದೆ ಲಿ ಷಿಮಿನ್ ಚಕ್ರವರ್ತಿಯ ಹೆಸರಿನಲ್ಲೂ ‘ಷಿ’ ಇದೆಯೆಂದು ಅದನ್ನು ಕೈಬಿಟ್ಟು ಬರೀ ಲಿ ಜಿಯಾಗಿ ಉಳಿದ. ಆದ್ದರಿಂದ ‘ಲಿಗಳೆಲ್ಲ ಒಂದೇ ವಂಶ’ ಎನ್ನುವುದೂ ಸರಿಯಲ್ಲ. ಅಮೆರಿಕದ ಸೇನಾನಿ ರಾಬರ್ಟ್ ಲೀ ಅಂತೂ ಇಂಗ್ಲಿಷ್ ಮನೆತನ, ಹುಲ್ಲುಗಾವಲಿನಿಂದ ಬಂದ ಹೆಸರು.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು: ಇಷ್ಟೊಂದು ‘ಲಿ’ಗಳ ನಡುವೆ ಚೀನೀಯರು ಫೋನಿನಲ್ಲಿ ಹೆಸರು ಹೇಗೆ ಹೇಳಿಕೊಳ್ಳುತ್ತಾರೆ? ಅಕ್ಷರವನ್ನು ಬಿಡಿಸಿ ಹೇಳುತ್ತಾರೆ. ‘ನಾನು ಲಿ, ಮರ–ಮಗು ಲಿ’ ಎಂದರೆ ಎದುರಿನವರಿಗೆ ತಕ್ಷಣ ಗೊತ್ತಾಗುತ್ತದೆ. ಜಾಂಗ್ ಎಂಬ ಮನೆತನದಲ್ಲೂ ಎರಡುಂಟು. ಒಬ್ಬರು ‘ಬಿಲ್ಲು–ಉದ್ದ ಜಾಂಗ್’, ಇನ್ನೊಬ್ಬರು ‘ನಿಲ್ಲು–ಮುಂಜಾನೆ ಜಾಂಗ್’. ಜಾಗಗಳ ಹೆಸರಿನಲ್ಲೂ ಈ ತೊಡಕು ಉಂಟು. ಅಕ್ಕಪಕ್ಕದ ಎರಡು ಪ್ರಾಂತ್ಯಗಳ ಹೆಸರೂ ‘ಷಾನ್‌ಷಿ’, ವ್ಯತ್ಯಾಸ ಮೊದಲ ಭಾಗದ ದನಿಯಲ್ಲಿ ಮಾತ್ರ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಂದಕ್ಕೆ ಎರಡು ‘ಎ’ ಹಾಕಿ ಬೇರೆ ಮಾಡಿದ್ದಾರೆ.

‘ಛೆನ್’ ಮನೆತನದವರು ‘ಕಿವಿ–ಪೂರ್ವ ಛೆನ್’ ಎನ್ನುತ್ತಾರೆ, ಅಕ್ಷರದ ಎಡಕ್ಕೆ ಕಿವಿಯಾಕಾರದ ಗೀಟು, ಬಲಕ್ಕೆ ಪೂರ್ವ ದಿಕ್ಕು. 645ರಲ್ಲಿ ಲಿ ಷಿಮಿನ್ ಆಳುತ್ತಿದ್ದ ಚೀನಾಕ್ಕೆ ಮರಳಿ, ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಬರೆದಿಟ್ಟ ಹ್ಯೂಯೆನ್ ತ್ಸಾಂಗ್ ಈ ಮನೆತನದವನು. ನಾವು ಶಾಲೆಯಲ್ಲಿ ಕಲಿತದ್ದು ಅವನ ಸನ್ಯಾಸದ ಹೆಸರು.