ಪರದೆಯ ಮೇಲಿನ 37 ನಿಮ್ಮ ಮಗುವಿನ ಅಂಕವಲ್ಲ

ಶಾಲೆಗಳಿಗೆ ಗಣಿತ ಕಲಿಕೆಯ ತಂತ್ರಾಂಶ ಅಳವಡಿಸಿಕೊಡುವುದು ನನ್ನ ಕೆಲಸ. ಪೋಷಕರ ಸಭೆಗೆ ಹೋದರೆ ಯಾರಾದರೂ ಮೊಬೈಲ್ ಮುಂದೆ ಹಿಡಿಯುತ್ತಾರೆ: ‘ಸರ್, ನಿನ್ನೆ 77 ಇತ್ತು, ಇವತ್ತು 37. ಇವನು ಏನೂ ಓದುತ್ತಿಲ್ಲ ಅಲ್ಲವೇ?’ ಹುಡುಗ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿರುತ್ತಾನೆ. ಅವನನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಅದು ನೂರಕ್ಕೆ ಬಂದ ಅಂಕವಲ್ಲ. ಆ ಒಂದು ಕೌಶಲ ಮಗುವಿಗೆ ಬಂದಿರುವ ಸಾಧ್ಯತೆ ಎಷ್ಟು ಎಂದು ತಂತ್ರಾಂಶ ಮಾಡಿದ ಊಹೆ.

ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಾರ್ಬೆಟ್ ಮತ್ತು ಆಂಡರ್ಸನ್ ಎಂಬ ಸಂಶೋಧಕರು 1990ರ ದಶಕದಲ್ಲಿ ರೂಪಿಸಿದ ಲೆಕ್ಕಾಚಾರವನ್ನೇ ನೋಡಿ. ಮಗುವಿಗೆ ಇದು ಮೊದಲೇ ಗೊತ್ತಿರುವ ಸಾಧ್ಯತೆ, ಒಂದು ಲೆಕ್ಕ ಮಾಡುವಷ್ಟರಲ್ಲಿ ಕಲಿತುಬಿಡುವ ಸಾಧ್ಯತೆ, ಗೊತ್ತಿಲ್ಲದೆ ಸರಿ ಉತ್ತರ ತಾಗಿಬಿಡುವ ಸಾಧ್ಯತೆ, ಗೊತ್ತಿದ್ದೂ ಕೈತಪ್ಪುವ ಸಾಧ್ಯತೆ: ಇಷ್ಟೇ ಅದರ ಬಂಡವಾಳ. ಇವು ಕ್ರಮವಾಗಿ ಶೇ 40, 10, 20 ಮತ್ತು 10 ಎಂದಿಟ್ಟುಕೊಳ್ಳಿ. ಒಂದು ಲೆಕ್ಕ ಸರಿಯಾದರೆ ಊಹೆ 40ರಿಂದ 77ಕ್ಕೆ ಜಿಗಿಯುತ್ತದೆ. ಮುಂದಿನದು ತಪ್ಪಿದರೆ 37ಕ್ಕೆ ಕುಸಿಯುತ್ತದೆ. ಅದರ ಮುಂದಿನದು ಸರಿಯಾದರೆ ಮತ್ತೆ 75. ಈ ಮೂರು ಲೆಕ್ಕಗಳ ನಡುವೆ ನಿಮ್ಮ ಮಗ ಬುದ್ಧಿವಂತನಾಗಿ, ದಡ್ಡನಾಗಿ, ಮತ್ತೆ ಬುದ್ಧಿವಂತನಾದನೇ? ಬದಲಾದದ್ದು ತಂತ್ರಾಂಶದ ನಂಬಿಕೆ ಮಾತ್ರ. ಸಾಮಾನ್ಯವಾಗಿ ಈ ಊಹೆ 95 ದಾಟುವವರೆಗೂ ಅದೇ ಬಗೆಯ ಲೆಕ್ಕಗಳು ಬರುತ್ತಲೇ ಇರುತ್ತವೆ. ಮುಂದೆ ಯಾವ ಲೆಕ್ಕ ಕೊಡಬೇಕೆಂದು ನಿರ್ಧರಿಸಲಿಕ್ಕೆ ಹುಟ್ಟಿದ ಸಂಖ್ಯೆ ಅದು, ಮನೆಯಲ್ಲಿ ಬೈಯಲಿಕ್ಕಲ್ಲ. ನಿಮ್ಮ ಶಾಲೆಯ ತಂತ್ರಾಂಶ ಬೇರೆ ವಿಧಾನ ಅನುಸರಿಸುತ್ತಿರಬಹುದು, ಅದನ್ನು ಕೇಳಿ ತಿಳಿದುಕೊಳ್ಳಿ.

ಕೆಲವು ತಂತ್ರಾಂಶಗಳು ಮಗುವಿನ ಭಾವನೆಯನ್ನೂ ಊಹಿಸುತ್ತವೆ. ಆ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಗೊಂದಲ’, ‘ಬೇಸರ’ ಎಂಬ ಪಟ್ಟಿ ಹಚ್ಚುವ ಹಲವು ವ್ಯವಸ್ಥೆಗಳಿಗೆ ಕ್ಯಾಮೆರಾ ಇರುವುದೇ ಇಲ್ಲ. ಉತ್ತರಿಸಲು ಹಿಡಿದ ಸಮಯ, ಸುಳಿವು ಕೇಳಿದ ರೀತಿ, ಸತತ ತಪ್ಪುಗಳು, ಇವುಗಳಿಂದಲೇ ಅವು ಅಂದಾಜಿಸುತ್ತವೆ. ಹಾಗೆ ಅಂದಾಜಿಸಲು ಅವು ಕಲಿಯುವುದು, ತರಗತಿಯಲ್ಲಿ ಕುಳಿತ ವೀಕ್ಷಕರು ಮಕ್ಕಳನ್ನು ಕೆಲವು ಕ್ಷಣ ಗಮನಿಸಿ ಬರೆದಿಟ್ಟ ಗುರುತುಗಳಿಂದ. ಗೊಂದಲವೆಂದರೆ ಕೆಟ್ಟದ್ದು ಎಂದೂ ತಿಳಿಯಬೇಡಿ. ಕಷ್ಟದ ಲೆಕ್ಕಕ್ಕೆ ಸಿಕ್ಕಿಕೊಂಡು ಒದ್ದಾಡಿ ಹೊರಬಂದ ಮಗು ಹೆಚ್ಚಾಗಿ ಚೆನ್ನಾಗಿಯೇ ಕಲಿತಿರುತ್ತದೆ. ನಾನು ಹೆದರುವುದು ಬೇಸರಕ್ಕೆ. ಶಾಲೆಗಳಲ್ಲಿ ಮಕ್ಕಳ ಭಾವನೆಯನ್ನು ಮುಖದಿಂದಲೋ ದನಿಯಿಂದಲೋ ಅಳೆಯುವ ಕೃತಕ ಬುದ್ಧಿಮತ್ತೆಯನ್ನು ಐರೋಪ್ಯ ಒಕ್ಕೂಟ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ತುಮಕೂರಿನ ಕಡೆಯ ಒಬ್ಬ ಮೇಡಂ ಶೇಕಡಾವಾರು ಪಟ್ಟಿಯನ್ನು ತೆರೆಯುವುದೇ ಇಲ್ಲ, ಮಕ್ಕಳ ತಪ್ಪು ಉತ್ತರಗಳನ್ನು ಮಾತ್ರ ಕೇಳುತ್ತಾರೆ. 503ರಿಂದ 127 ಕಳೆದು ಒಬ್ಬಳು 424 ಎಂದು ಬರೆದಿದ್ದಳು. ‘ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾಳೆ, ದಶಕ ತೆಗೆದುಕೊಳ್ಳುವುದು ಇನ್ನೂ ಬಂದಿಲ್ಲ’ ಎಂದು ಅವರು ಅಲ್ಲೇ ಹೇಳಿ, ಕಡ್ಡಿಯ ಕಟ್ಟುಗಳನ್ನು ತರಿಸಿದರು. ಸರಿ ಅಥವಾ ತಪ್ಪು ಎಂಬುದನ್ನಷ್ಟೇ ಎಣಿಸುವ ಲೆಕ್ಕಾಚಾರಕ್ಕೆ ಆ 424 ಬರೀ ಒಂದು ತಪ್ಪು. ಮುಂದಿನ ಸಭೆಯಲ್ಲಿ ನೀವೂ ಶಾಲೆಯವರಿಂದ ಮಗುವಿನ ತಪ್ಪು ಉತ್ತರಗಳನ್ನು ಕೇಳಿ ಪಡೆಯಿರಿ. ಹೆಚ್ಚಿನ ತಂತ್ರಾಂಶಗಳಲ್ಲಿ ಅವು ದಾಖಲಾಗಿರುತ್ತವೆ.