ದೇವರು ಬೇಕು, ಪೀಠ ಬೇಡ: ಒಂದು ಹಳೆಯ ತಕರಾರಿನ ಹಿನ್ನೆಲೆ

1310ರ ಜೂನ್ 1ರಂದು ಪ್ಯಾರಿಸ್ ನಗರದಲ್ಲಿ ಮಾರ್ಗರೀಟ್ ಪೊರೇಟ್ ಎಂಬ ಹೆಂಗಸನ್ನು ಜೀವಂತವಾಗಿ ಸುಟ್ಟರು. ಅವಳು ದೇವರಿಲ್ಲ ಎಂದವಳಲ್ಲ. ದೇವರ ಪ್ರೀತಿಯಲ್ಲಿ ಪೂರ್ತಿ ಕರಗಿಹೋದ ಜೀವಕ್ಕೆ ಚರ್ಚಿನ ವಿಧಿಗಳಾಗಲಿ ಪಾದ್ರಿಯ ಮಧ್ಯಸ್ಥಿಕೆಯಾಗಲಿ ಬೇಕಾಗುವುದಿಲ್ಲ ಎಂದು ಒಂದು ಪುಸ್ತಕ ಬರೆದಿದ್ದಳು. ಅದನ್ನೂ ಪಂಡಿತರ ಲ್ಯಾಟಿನ್ ಬಿಟ್ಟು ಜನರ ಫ್ರೆಂಚಿನಲ್ಲಿ ಬರೆದಿದ್ದಳು. ಬಿಷಪ್ ಒಬ್ಬ ಅವಳ ಕಣ್ಣೆದುರಿಗೇ ಆ ಪುಸ್ತಕವನ್ನು ಸುಡಿಸಿ, ಇನ್ನು ಇದನ್ನು ಹಂಚಕೂಡದು ಎಂದು ಕಟ್ಟಪ್ಪಣೆ ಮಾಡಿದ. ಅವಳು ಹಂಚುತ್ತಲೇ ಹೋದಳು. ಪ್ಯಾರಿಸಿನ ಸೆರೆಯಲ್ಲಿದ್ದಷ್ಟು ಕಾಲ ಧರ್ಮ ವಿಚಾರಣಾಧಿಕಾರಿಯ ಮುಂದೆ ಪ್ರಮಾಣ ಮಾಡಲು ಒಪ್ಪಲಿಲ್ಲ, ಒಂದು ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಅವಳು ಸತ್ತಮೇಲೂ ಪುಸ್ತಕ ಉಳಿಯಿತು. ಬರೆದವರ ಹೆಸರಿಲ್ಲದೆ, ಸನ್ಯಾಸಿಗಳ ಮಠಗಳಲ್ಲೇ ಭಕ್ತಿಗ್ರಂಥವಾಗಿ ಶತಮಾನಗಳ ಕಾಲ ಓದಿಸಿಕೊಂಡಿತು. ಅದು ಸುಟ್ಟ ಹೆಂಗಸಿನದೇ ಕೃತಿ ಎಂದು ವಿದ್ವಾಂಸರು ಗುರುತಿಸಿದ್ದು 1946ರಲ್ಲಿ.

ದೇವರ ವಿಷಯದ ಜಗಳವೆಂದರೆ ಆಸ್ತಿಕರಿಗೂ ನಾಸ್ತಿಕರಿಗೂ ನಡೆಯುವ ಜಗಳ ಎಂದು ನಾವು ಅಂದುಕೊಂಡಿದ್ದೇವೆ. ಪೊರೇಟ್‌ಳಂಥವರು ಆ ಎಣಿಕೆಯೊಳಗೆ ಕೂರುವುದಿಲ್ಲ. ತನ್ನಷ್ಟಕ್ಕೆ ತಾನು ನಂಬುವ ಮನುಷ್ಯನನ್ನು ಎರಡೂ ಕಡೆಯವರು ತಡೆದು ನಿಲ್ಲಿಸಿದ್ದಾರೆ. ಹಾಗೆ ಹೇಳಲು ನಿನಗೆ ಅಧಿಕಾರ ಕೊಟ್ಟವರು ಯಾರು ಎಂಬುದು ಪೀಠದ ಪ್ರಶ್ನೆ. ನೀನು ಹೇಳುತ್ತಿರುವುದಕ್ಕೆ ಪುರಾವೆ ಏನು ಎಂಬುದು ಸಂಶಯವಾದಿಯ ಪ್ರಶ್ನೆ. ಇವೆರಡೂ ಬೇರೆ ಬೇರೆ. ಮೊದಲನೆಯದನ್ನು ತಳ್ಳಿಹಾಕಿದ ಮಾತ್ರಕ್ಕೆ ಎರಡನೆಯದಕ್ಕೂ ಉತ್ತರ ಕೊಟ್ಟಂತಾಯಿತು ಎಂದುಕೊಂಡಲ್ಲೆಲ್ಲ ಈ ಚರ್ಚೆ ಹಾದಿ ತಪ್ಪಿದೆ ಎಂದು ನನ್ನ ಅನಿಸಿಕೆ.

ಮೊದಲನೆಯ ಪ್ರಶ್ನೆಗೆ ಬಲಿಯಾದವರ ಪಟ್ಟಿ ದೊಡ್ಡದು. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಾಲಯ ಸಾಕ್ರಟೀಸನಿಗೆ ಮರಣದಂಡನೆ ಕೊಟ್ಟಾಗ, ನಗರದ ದೇವರುಗಳನ್ನು ಬಿಟ್ಟು ಹೊಸ ದೈವಗಳನ್ನು ತಂದ ಎಂಬುದೂ ಆರೋಪಗಳಲ್ಲಿ ಒಂದಾಗಿತ್ತು. ತಪ್ಪು ಹೆಜ್ಜೆ ಇಡುವಾಗ ಒಳಗಿನಿಂದ ಒಂದು ದನಿ ತನ್ನನ್ನು ತಡೆಯುತ್ತದೆ ಎಂದು ಅವನು ಹೇಳುತ್ತಿದ್ದ. ಎಲ್ಲರ ನಂಬಿಕೆಯನ್ನೂ ಪ್ರಶ್ನೆಗೆ ಒಡ್ಡಿದವನ ಒಳಗೇ ಅಂಥದೊಂದು ನಂಬಿಕೆ ಇತ್ತು. 922ರಲ್ಲಿ ಬಾಗ್ದಾದಿನಲ್ಲಿ ಸೂಫಿ ಸಂತ ಹಲ್ಲಾಜ್‌ನಿಗೆ ಮರಣದಂಡನೆಯಾಯಿತು. ಅದರ ಹಿಂದೆ ಅರಮನೆಯ ರಾಜಕೀಯವೂ ಇತ್ತು. 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ 23 ವರ್ಷದ ತತ್ತ್ವಜ್ಞಾನಿ ಸ್ಪಿನೋಜಾನಿಗೆ ಬಹಿಷ್ಕಾರ ಹಾಕಿತು.

ಸಂಸ್ಥೆಯನ್ನು ಬಿಟ್ಟು ಬಂದವರೇ ಮತ್ತೆ ಸಂಸ್ಥೆ ಕಟ್ಟಿದ್ದಕ್ಕೆ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಕಥೆ ಒಳ್ಳೆಯ ನಿದರ್ಶನ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್, ದೇವರ ಬೆಳಕು ಪ್ರತಿಯೊಬ್ಬರ ಒಳಗೂ ಇದೆ, ಪಾದ್ರಿ ಬೇಕಿಲ್ಲ ಎಂದು ಸಾರಿದ. ಅವನ ಕಡೆಯವರು ಒಟ್ಟಿಗೆ ಮೌನವಾಗಿ ಕೂರುತ್ತಿದ್ದರು. ಒಳಗಿನಿಂದ ಪ್ರೇರಣೆ ಬಂದವರು ಎದ್ದು ಮಾತಾಡುತ್ತಿದ್ದರು. ಸರ್ಕಾರ ಅವರನ್ನು ಸಾವಿರಗಟ್ಟಲೆ ಜೈಲಿಗೆ ತಳ್ಳಿತು. ಆಗ ಜೈಲು ಸೇರಿದವರ ಮನೆಮಂದಿಯನ್ನು ನೋಡಿಕೊಳ್ಳುವವರು ಬೇಕಾದರು. ಮದುವೆ, ಜನನ, ಮರಣಗಳನ್ನು ಬರೆದಿಡಲು ದಫ್ತರ ಬೇಕಾಯಿತು, ಮಾಸಿಕ ಸಭೆಗಳು ಬಂದವು. ಸಭೆಗಳ ಜೊತೆ ಶಿಸ್ತೂ ಬಂತು: ಹೊರಗಿನವರನ್ನು ಮದುವೆಯಾದವರನ್ನು ಕೂಟದಿಂದ ತೆಗೆದುಹಾಕುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ನಡೆಯಿತು. ಇದನ್ನು ಆಷಾಢಭೂತಿತನ ಎಂದು ನಾನು ಕರೆಯಲಾರೆ. ಕಷ್ಟಕ್ಕೆ ಆಗಲು ನಾಲ್ಕು ಜನ ಸೇರಿದರೆ ಕಟ್ಟುಪಾಡು ಹುಟ್ಟಿಯೇ ಹುಟ್ಟುತ್ತದೆ.

ಪುರಾವೆಯ ಪ್ರಶ್ನೆಗೆ ಹದಿನೆಂಟನೆಯ ಶತಮಾನದಲ್ಲಿ ಹೊಸ ಬಲ ಬಂತು. ಪವಾಡ ಕಂಡೆ ಎನ್ನುವ ಸಾಕ್ಷಿ ಸುಳ್ಳಾಗಿರುವುದು ಆ ಪವಾಡಕ್ಕಿಂತಲೂ ದೊಡ್ಡ ಪವಾಡ ಎನಿಸಿದಾಗ ಮಾತ್ರ ನಂಬಬಹುದು ಎಂದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1748ರಲ್ಲಿ ವಾದಿಸಿದ. ಎರಡೂ ಕಡೆಗೂ ಸೇರದವನು ಥಾಮಸ್ ಪೇನ್. ನನ್ನ ಮನಸ್ಸೇ ನನ್ನ ಚರ್ಚು ಎಂದು 1794ರಲ್ಲಿ ಬರೆದ ಅವನು ಒಬ್ಬ ದೇವರನ್ನು ನಂಬುತ್ತಿದ್ದ. ಕ್ರಾಂತಿಯ ಫ್ರಾನ್ಸ್ ನಾಸ್ತಿಕತೆಯತ್ತ ಓಡುತ್ತಿದೆ, ಅದನ್ನು ತಡೆಯಲೆಂದೇ ಬರೆದೆ ಎಂದೂ ಹೇಳಿದ. ಅಮೆರಿಕದ ಧರ್ಮಭೀರುಗಳು ಮಾತ್ರ ಅವನನ್ನು ನಾಸ್ತಿಕರ ಸಾಲಿಗೇ ಸೇರಿಸಿದರು. ಆ ದೇಶದ ಸ್ವಾತಂತ್ರ್ಯಕ್ಕೆ ಲೇಖನಿ ಹಿಡಿದವನು 1809ರಲ್ಲಿ ತೀರಿಕೊಂಡಾಗ ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು ಜನ.

ಈ ಜಗಳ ನಿಜಕ್ಕೂ ಹರಿತವಾದದ್ದು 1877ರಲ್ಲಿ. ಗಣಿತಜ್ಞ ಡಬ್ಲ್ಯು.ಕೆ. ಕ್ಲಿಫರ್ಡ್ ಒಬ್ಬ ಹಡಗಿನ ಯಜಮಾನನ ಉದಾಹರಣೆ ಕೊಟ್ಟ. ಹಡಗು ಹಳೆಯದು, ರಿಪೇರಿ ಆಗಬೇಕು. ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ದೇವರು ಕಾಯುತ್ತಾನೆ ಎಂದು ಯಜಮಾನ ತನ್ನ ಅನುಮಾನವನ್ನು ತಾನೇ ಅದುಮಿಕೊಂಡು, ಪ್ರಯಾಣಿಕರನ್ನು ತುಂಬಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ, ಅವನಿಗೆ ವಿಮೆಯ ಹಣ ಬರುತ್ತದೆ. ಅವನ ನಂಬಿಕೆ ಪ್ರಾಮಾಣಿಕವಾಗಿಯೇ ಇತ್ತು. ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ. ಹಡಗು ಕ್ಷೇಮವಾಗಿ ದಡ ಸೇರಿದ್ದರೂ ತಪ್ಪು ತಪ್ಪೇ ಎಂದು ಕ್ಲಿಫರ್ಡ್ ಪಟ್ಟುಹಿಡಿದ.

ಇದಕ್ಕೆ 1896ರಲ್ಲಿ ಉತ್ತರ ಕೊಟ್ಟವನು ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್. ಪುರಾವೆಯಿಂದ ತೀರ್ಮಾನವಾಗದ, ಆದರೆ ಬದುಕಿಗೆ ಮುಖ್ಯವಾದ, ಮುಂದೂಡಲಾಗದ ಪ್ರಶ್ನೆಗಳಲ್ಲಿ ಹೃದಯ ಒಲಿದತ್ತ ಹೋಗುವ ಹಕ್ಕು ಮನುಷ್ಯನಿಗಿದೆ ಎಂದ. ಆಮೇಲೆ 1901–02ರಲ್ಲಿ ಎಡಿನ್‌ಬರೋದ ಉಪನ್ಯಾಸಗಳಲ್ಲಿ ಚರ್ಚು, ಪಾದ್ರಿಗಳನ್ನು ಬದಿಗಿಟ್ಟು ಮನುಷ್ಯ ಏಕಾಂತದಲ್ಲಿ ಪಡೆಯುವ ಅನುಭವವನ್ನೇ ಧರ್ಮವೆಂದು ತೆಗೆದುಕೊಂಡ. ಅವನ ಒಂದು ತೀರ್ಪು ನನಗೆ ಬಹಳ ಮುಖ್ಯ: ಅನುಭಾವ ಪಡೆದವರಿಗೆ ಅದು ಪ್ರಮಾಣವಾಗಬಹುದು, ಅದನ್ನು ಕಣ್ಣುಮುಚ್ಚಿ ಒಪ್ಪಬೇಕಾದ ಕರ್ತವ್ಯ ಹೊರಗಿನವರಿಗಿಲ್ಲ. ಹಡಗಿನಲ್ಲಿ ಬೇರೆಯವರ ಜೀವ ಇರುವಾಗ ಕ್ಲಿಫರ್ಡ್ ಸರಿ. ನಷ್ಟವೂ ಲಾಭವೂ ನಂಬಿದವನದೊಬ್ಬನದೇ ಆಗಿರುವಾಗ ಜೇಮ್ಸ್ ಸರಿ.

1948ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ 18ನೆಯ ವಿಧಿ, ಒಬ್ಬಂಟಿಯಾಗಿಯೂ ಇತರರೊಡನೆ ಸೇರಿಯೂ ನಂಬಿಕೆಯನ್ನು ಆಚರಿಸುವ ಹಕ್ಕನ್ನು ಸಾರಿತು, ಅದನ್ನು ಬದಲಾಯಿಸುವ ಹಕ್ಕನ್ನೂ ಸೇರಿಸಿತು. ಆದರೆ ಒಬ್ಬನೇ ನಂಬುವವನ ನಂಬಿಕೆಯನ್ನು ಸರ್ಕಾರ ಅಳೆಯುವುದು ಹೇಗೆ? ಅಮೆರಿಕದಲ್ಲಿ ಡೇನಿಯಲ್ ಸೀಗರ್ ಎಂಬಾತ ಆತ್ಮಸಾಕ್ಷಿಯ ಕಾರಣಕ್ಕೆ ಕಡ್ಡಾಯ ಸೈನ್ಯಸೇವೆಯಿಂದ ವಿನಾಯಿತಿ ಕೇಳಿದ. ಪರಮಾತ್ಮನನ್ನು ನಂಬುತ್ತೀರಾ ಎಂಬ ಪ್ರಶ್ನೆಗೆ ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಅರ್ಜಿಯಲ್ಲಿ ಅಚ್ಚಾಗಿದ್ದ ‘ಧಾರ್ಮಿಕ’ ಎಂಬ ಪದದ ಸುತ್ತ ಉದ್ಧರಣ ಚಿಹ್ನೆ ಹಾಕಿ ಸಹಿ ಮಾಡಿದ. ದೇವರನ್ನು ನಂಬುವವರ ಬದುಕಿನಲ್ಲಿ ದೇವರಿಗಿರುವ ಸ್ಥಾನ ಇವನ ಬದುಕಿನಲ್ಲಿ ಇವನ ನಂಬಿಕೆಗೆ ಇದೆಯೇ, ಅದು ಪ್ರಾಮಾಣಿಕವೇ, ಅಷ್ಟು ನೋಡಿದರೆ ಸಾಕು ಎಂದು ಸುಪ್ರೀಂ ಕೋರ್ಟ್ 1965ರಲ್ಲಿ ಅವನ ಪರ ತೀರ್ಪು ಕೊಟ್ಟಿತು.

ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ವರದಿಯಂತೆ ಅಮೆರಿಕದ ವಯಸ್ಕರಲ್ಲಿ ಶೇ. 28ರಷ್ಟು ಜನ ಯಾವ ಧರ್ಮಕ್ಕೂ ಸೇರದವರು. ಅವರಲ್ಲಿ ತಮ್ಮನ್ನು ನಾಸ್ತಿಕರೆಂದು ಕರೆದುಕೊಳ್ಳುವವರು ಶೇ. 17 ಮಾತ್ರ. ಇವರನ್ನು ಸುಡುವ ಪೀಠ ಅಲ್ಲಿಲ್ಲ. ಇಂಥವರನ್ನೇ ಗಿರಾಕಿಗಳಾಗಿ ಹುಡುಕುವ ಮಾರುಕಟ್ಟೆಯಂತೂ ಇದೆ. ಧ್ಯಾನದಲ್ಲಿ ನೆಮ್ಮದಿ ಸಿಕ್ಕಿತು ಎನ್ನುವವರ ಬಳಿ ಪುರಾವೆ ಕೇಳುವುದು ಒರಟುತನ. ಕೈ ಆಡಿಸಿ ಕ್ಯಾನ್ಸರ್ ವಾಸಿಮಾಡುತ್ತೇನೆಂದು ಹಣ ಪಡೆಯುವವನ ಬಳಿ ಕೇಳಲೇಬೇಕು, ಗಟ್ಟಿಯಾಗಿಯೇ ಕೇಳಬೇಕು. ಅವನ ಹಿಂದೆ ಚರ್ಚೂ ಇಲ್ಲ, ಸಭೆಯೂ ಇಲ್ಲ. ಮೋಸಹೋದವರು ದೂರು ಕೊಡಲು ಹಿರಿಯರ ಮಂಡಳಿಯೂ ಇಲ್ಲ.