ಮಂಗನ ಕಾಯಿಲೆ ಮತ್ತು ಉಣುಗಿನ ವರ್ಷ

ಕನ್ನಡದಲ್ಲಿ ಮಂಗನ ಹೆಸರು ಹೊತ್ತ ವೈರಸ್ ರೋಗ ಎರಡಿವೆ. ಒಂದು ಮಂಗನ ಬಾವು. ಕೆನ್ನೆಯ ಬುಡ ಊದಿಕೊಳ್ಳುವ ಈ ರೋಗ ಎಂಜಲಿನ ಹನಿಯಿಂದ ಮಗುವಿನಿಂದ ಮಗುವಿಗೆ ದಾಟುತ್ತದೆ. ಮಂಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನೊಂದು ಮಲೆನಾಡಿನ ಮಂಗನ ಕಾಯಿಲೆ, ವೈದ್ಯರ ಬಾಯಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಯ ಪಕ್ಕದಲ್ಲಿ ಮಲಗಿದರೂ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಎಳ್ಳುಕಾಳಿಗಿಂತ ದೊಡ್ಡದಿಲ್ಲದ ಒಂದು ಉಣುಗು (ಉಣ್ಣೆ) ಕಚ್ಚಿದರೆ ಬರುತ್ತದೆ. ಈ ಎರಡನ್ನು ಬಯಲುಸೀಮೆಯ ಜನ ಇಂದಿಗೂ ಒಂದೇ ಎಂದುಕೊಳ್ಳುವುದುಂಟು.

1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಸೌದೆ ತರುವವರು, ದನ ಕಾಯುವವರು ಜೋರು ಜ್ವರದಿಂದ ಮಲಗಿದರು. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬಂತು. ಮೊದಲಿಗೆ ಟೈಫಾಯ್ಡ್ ಇರಬಹುದೆಂಬ ಅನುಮಾನವಿತ್ತು. ಆದರೆ ಮಂಗಗಳ ಸಾವು ಇನ್ನೂ ದೊಡ್ಡ ಭಯ ಹುಟ್ಟಿಸಿತು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಊರಿಗೆ ಬರುವ ಮುನ್ನ ಕಾಡಿನ ಮಂಗಗಳು ಸಾಯುತ್ತವೆ. ಆ ಜ್ವರ ಹರಡುವ ಈಡಿಸ್ ಸೊಳ್ಳೆ ಭಾರತದ ತುಂಬ ಇದೆ, ಜ್ವರ ಮಾತ್ರ ಇಲ್ಲ. ಅದು ಇಲ್ಲಿಗೂ ಕಾಲಿಟ್ಟಿತೇ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೋ ಮೊದಲಾದವರ ತಂಡ ಮಲೆನಾಡಿಗೆ ಧಾವಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್ಐವಿ.

ಸತ್ತ ಮಂಗಗಳಲ್ಲಿ ಸಿಕ್ಕಿದ್ದು ಹಳದಿ ಜ್ವರದ ವೈರಸ್ ಅಲ್ಲ. ರಷ್ಯಾದ ಕಾಡುಗಳಲ್ಲಿ ಮೆದುಳು ಜ್ವರ ತರುವ ವೈರಸ್‌ನ ದಾಯಾದಿ. ಅಷ್ಟು ದೂರದ ನೆಂಟಸ್ತಿಕೆ ಸೊರಬಕ್ಕೆ ಹೇಗೆ ಬಂತು? ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗು ತಂದಿರಬಹುದೆಂದು ಊಹಿಸಿ ಹಕ್ಕಿಗಳ ಹಿಂದೆ ಬಹಳ ಹುಡುಕಾಟ ನಡೆಯಿತು. ಗಟ್ಟಿ ಪುರಾವೆ ಸಿಗಲಿಲ್ಲ. ದೂರದ ಕಛ್, ಸೌರಾಷ್ಟ್ರದ ಜನರ ರಕ್ತದಲ್ಲೂ ಇಂಥದೇ ವೈರಸ್ ಹೊಕ್ಕುಹೋದ ಗುರುತಾದ ಪ್ರತಿಕಾಯ ಕಂಡುಬಂದಾಗ, ಕ್ಯಾಸನೂರಿನಲ್ಲಿ ಹೊಸದಾಗಿ ಕಂಡ ವೈರಸ್ ನೆಲದಲ್ಲಿ ಮೊದಲೇ ಸದ್ದಿಲ್ಲದೆ ಇದ್ದಿರಬೇಕು ಎಂಬ ಅಭಿಪ್ರಾಯ ಬಲವಾಯಿತು.

ಸದ್ದಿಲ್ಲದೆ ಇದ್ದದ್ದು ಎದ್ದಿದ್ದೇಕೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟವರು ಕೊಲಂಬಿಯಾದಲ್ಲಿ ಹಳದಿ ಜ್ವರದ ಮೇಲೆ ಕೆಲಸ ಮಾಡಿ ಇಲ್ಲಿಗೆ ಬಂದ ಹೋರ್ಹೆ ಬೊಷೆಲ್. ಕಾಡು ಕಡಿದು ಗದ್ದೆ, ತೋಟ ಮಾಡಿ, ಅಂಚಿನಲ್ಲಿ ಲಂಟಾನ ಪೊದೆ ಹಬ್ಬಿ, ಅಲ್ಲಿಗೆ ದನಗಳನ್ನು ಮೇಯಲು ಬಿಟ್ಟರೆ ಉಣುಗಿಗೆ ಹಬ್ಬ ಎಂಬುದು 1969ರಲ್ಲಿ ಅವರು ಪ್ರಕಟಿಸಿದ ವಾದದ ತಿರುಳು. ದನದ ರಕ್ತದಲ್ಲಿ ವೈರಸ್ ಹೆಚ್ಚುವುದಿಲ್ಲ. ಆದರೆ ದೊಡ್ಡ ಉಣುಗಿಗೆ ಹೊಟ್ಟೆ ತುಂಬಾ ರಕ್ತ ಕೊಡುವುದು ದನವೇ. ಹಿಂದೆ ಕಾಟಿ, ಕಡವೆ ಸಿಕ್ಕಿದರಷ್ಟೇ ಹೊಟ್ಟೆ ತುಂಬುತ್ತಿದ್ದ ಉಣುಗಿಗೆ ಪ್ರತಿದಿನ ಹಿಂಡುಗಟ್ಟಲೆ ಊಟ ಬಂದಂತಾಯಿತು.

ಈ ಉಣುಗಿನ ಶಾಸ್ತ್ರೀಯ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಇದರ ಬದುಕು ತಿಳಿಯದೆ ಮಂಗನ ಕಾಯಿಲೆ ಅರ್ಥವಾಗುವುದಿಲ್ಲ. ಜೀವನದಲ್ಲಿ ಅದು ಉಣ್ಣುವುದು ಮೂರೇ ಊಟ, ಮೂರು ಬೇರೆ ಬೇರೆ ಪ್ರಾಣಿಗಳ ಮೇಲೆ. ಮುಂಗಾರು ಹಿಡಿದ ಮೇಲೆ ದೊಡ್ಡ ಉಣುಗುಗಳು ಹುಲ್ಲು, ಗಿಡಗಳ ತುದಿಗೆ ಹತ್ತಿ ಮುಂಗಾಲು ಚಾಚಿ ಕಾಯುತ್ತವೆ. ದನ ಸೋಕಿದರೆ ಹತ್ತಿಕೊಳ್ಳುತ್ತವೆ. ಹೊಟ್ಟೆ ಬಿರಿಯುವಷ್ಟು ಹೀರಿದ ಹೆಣ್ಣು ನೆಲಕ್ಕುದುರಿ ತರಗೆಲೆಯಡಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮಳೆ ನಿಂತು ಅಕ್ಟೋಬರ್ ಹೊತ್ತಿಗೆ ಆರು ಕಾಲಿನ ಮರಿಗಳು ಹೊರಬಂದು ಕಾಡಿಲಿ, ಮೂಗಿಲಿ, ಅಳಿಲು, ಕಾಡುಕೋಳಿ, ಮಂಗಗಳನ್ನು ಹಿಡಿಯುತ್ತವೆ. ವೈರಸ್ ಅಂಟುವುದು ಮುಖ್ಯವಾಗಿ ಈ ಮೊದಲ ಊಟದಲ್ಲಿ. ಉಂಡ ಮರಿ ಉದುರಿ, ಪೊರೆ ಕಳಚಿ, ಎಂಟು ಕಾಲಿನ ಎಳೆ ಉಣುಗಾಗುತ್ತದೆ. ಒಳಗಿನ ವೈರಸ್ ಪೊರೆಯೊಡನೆ ಹೋಗುವುದಿಲ್ಲ, ಹಾಗೇ ಉಳಿಯುತ್ತದೆ. ನವೆಂಬರ್‌ನಿಂದ ಮೇ ತನಕ ಎರಡನೇ ಊಟಕ್ಕೆ ಕಾಯುವ ಈ ಎಳೆ ಉಣುಗೇ ಮನುಷ್ಯನನ್ನು ಕಚ್ಚುವುದು. ಕಾಯಿಲೆ ಜನವರಿಯಿಂದ ಏಪ್ರಿಲ್ ತನಕ ಏರುವುದಕ್ಕೆ, ಮಳೆ ಬಿದ್ದೊಡನೆ ಇಳಿಯುವುದಕ್ಕೆ ಕಾರಣ ಇಷ್ಟೇ.

ಇಲಿ, ಮೂಗಿಲಿಗಳು ವೈರಸ್ ಹೊತ್ತೂ ಬಹುಮಟ್ಟಿಗೆ ಆರಾಮಾಗಿರುತ್ತವೆ. ಮುಸುವ ಮತ್ತು ಕೆಂಪು ಮೂತಿಯ ಮಂಗ ಮಾತ್ರ ತಡೆದುಕೊಳ್ಳುವುದಿಲ್ಲ. ಅವುಗಳ ರಕ್ತದಲ್ಲಿ ವೈರಸ್ ಉಕ್ಕುತ್ತದೆ, ಮೈಮೇಲೆ ನೂರಾರು ಮರಿ ಉಣುಗುಗಳಿರುತ್ತವೆ. ಮಂಗ ಸತ್ತು ಮೈ ತಣ್ಣಗಾದಾಗ ಅವೆಲ್ಲ ಅದೇ ಮರದ ಬುಡದಲ್ಲಿ ಉದುರುತ್ತವೆ. ಕೆಲವು ವಾರಗಳಲ್ಲಿ ಆ ಜಾಗ ಅಪಾಯದ ಮಡುವಾಗುತ್ತದೆ. ಹಾಗಾಗಿಯೇ ಸತ್ತ ಮಂಗದ ಸುತ್ತ 50 ಅಡಿ ಫಾಸಲೆಯಲ್ಲಿ ಶೇ 5ರ ಮ್ಯಾಲಥಿಯಾನ್ ಪುಡಿ ಎರಚುವ ಪದ್ಧತಿ ಬಂದದ್ದು. ಕಳೇಬರವನ್ನು ಬರಿಗೈಯಲ್ಲಿ ಮುಟ್ಟಬಾರದು, ಎಳೆದೊಯ್ಯಬಾರದು. ಎಳೆದರೆ ಉಣುಗು ದಾರಿಯುದ್ದಕ್ಕೂ ಉದುರುತ್ತದೆ. ಅಂದೇ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು. ಕೊಳೆತ ಮೇಲೆ ಪರೀಕ್ಷೆಗೆ ಬೇಕಾದ ಅಂಗಾಂಶ ಸಿಗುವುದಿಲ್ಲ. ಮಂಗ ಸತ್ತಿಲ್ಲವಾದ್ದರಿಂದ ಕಾಯಿಲೆ ಇಲ್ಲ ಎಂದು ನಂಬುವುದು ಇನ್ನೊಂದು ತಪ್ಪು. ದಟ್ಟ ಕಾಡಿನಲ್ಲಿ ಸತ್ತ ಮಂಗ ಯಾರ ಕಣ್ಣಿಗೂ ಬೀಳದಿರಬಹುದು.

ಹಲವು ವರ್ಷ ಸೊರಬ, ಸಾಗರ, ಶಿಕಾರಿಪುರದ ಸುತ್ತಲೇ ಇದ್ದ ಕಾಯಿಲೆ 1970ರ ದಶಕದಲ್ಲಿ ಉತ್ತರ ಕನ್ನಡಕ್ಕೆ ದಾಟಿತು. 1982ರ ಕೊನೆಗೆ ಬೆಳ್ತಂಗಡಿಯ ನಿಡ್ಲೆ ಬಳಿ, ಗೇರು ತೋಟಕ್ಕಾಗಿ ಮೀಸಲು ಕಾಡು ಕಡಿದ ಜಾಗದಲ್ಲಿ ಮಂಗಗಳು ಸತ್ತವು. ಹಿಂದೆಯೇ ಕಡಿಯಲು ಬಂದ ಕೂಲಿಗಳು ಮಲಗಿದರು. ಆ ಹೊಡೆತ ಸಾವಿರಕ್ಕೂ ಹೆಚ್ಚು ಜನರಿಗೆ ತಟ್ಟಿತು. ಬೊಷೆಲ್ ಬರೆದು ಹದಿಮೂರು ವರ್ಷವಾಗಿದ್ದರೂ ಕಾಡು ಕಡಿಯುವ ಮುನ್ನ ಯಾರೂ ಆ ಪುಟ ತಿರುವಿರಲಿಲ್ಲ ಎಂಬುದು ನೋವಿನ ಸಂಗತಿ. 2012ರಲ್ಲಿ ಬಂಡೀಪುರ, ಆಮೇಲೆ ಕೇರಳದ ವಯನಾಡು, ತಮಿಳುನಾಡಿನ ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ, ಹೀಗೆ ಘಟ್ಟದ ಉದ್ದಕ್ಕೂ ಹೆಸರುಗಳು ಸೇರಿದವು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಸಾವುಗಳಿಂದ ತತ್ತರಿಸಿತು. 2024ರಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಮತ್ತೆ ಸುದ್ದಿಯಲ್ಲಿದ್ದವು.

ಲಸಿಕೆಯ ಕಥೆಯಲ್ಲಿ ಉಣುಗಿನ ವರ್ಷವನ್ನು ಮರೆತದ್ದರ ಬೆಲೆ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ರಷ್ಯಾದ ದಾಯಾದಿ ವೈರಸ್‌ನ ಲಸಿಕೆಯನ್ನು ಇಲ್ಲಿ ಕೊಟ್ಟು ನೋಡಿದರು, ಅದು ಕಾಪಾಡಲಿಲ್ಲ. ಅನಂತರ ಕ್ಯಾಸನೂರು ವೈರಸ್ಸನ್ನೇ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಲಸಿಕೆ ಮಾಡಿದರು. 1990ರಿಂದ ಅದನ್ನು ವ್ಯಾಪಕವಾಗಿ ಕೊಡಲಾಯಿತು, ತಯಾರಿ ಬೆಂಗಳೂರಿನ ಹೆಬ್ಬಾಳದಲ್ಲಿ. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳ ನಡುವೆ ಬೂಸ್ಟರ್, ಮುಂದೆ 5 ವರ್ಷ ವರ್ಷಕ್ಕೊಂದು ಎಂಬುದು ಕ್ರಮವಾಗಿತ್ತು. ಆರಂಭದ ಪ್ರಯೋಗದಲ್ಲಿ ಎರಡು ಡೋಸ್‌ನ ರಕ್ಷಣೆ ಶೇ 90 ದಾಟಿತ್ತು. 2005ರಿಂದ 2010ರ ತನಕದ ಲೆಕ್ಕ ತೆಗೆದಾಗ ಎರಡು ಡೋಸ್‌ಗೆ ಶೇ 62, ಬೂಸ್ಟರ್ ಸೇರಿದರೆ ಶೇ 83 ಎಂದಾಯಿತು. ಒಂದೇ ಡೋಸ್‌ನಿಂದ ಪ್ರಯೋಜನವೇ ಕಾಣಲಿಲ್ಲ. ಚುಚ್ಚಿದ ಜಾಗದ ನೋವು, ಊತಕ್ಕೆ ಹೆದರಿ ಎರಡನೆಯದಕ್ಕೆ ಬಾರದವರು ಬಹಳ. ಅದಕ್ಕಿಂತ ದೊಡ್ಡ ತೊಡಕು, ಮಂಗ ಸತ್ತ ಅಥವಾ ಜ್ವರ ಖಚಿತವಾದ ಜಾಗದ ಸುತ್ತ 5 ಕಿಲೋಮೀಟರ್‌ನಲ್ಲಿ ಲಸಿಕೆ ಹಾಕುವ ನಿಯಮವಾಗಿತ್ತು. ಜನವರಿಯಲ್ಲಿ ಮೊದಲ ಡೋಸ್ ಬಿದ್ದರೆ, ಎರಡನೆಯದು ಬಿದ್ದು ಮೈ ಸಿದ್ಧವಾಗುವ ಹೊತ್ತಿಗೆ ಮಾರ್ಚ್ ಬಂದಿರುತ್ತಿತ್ತು. ಲಸಿಕೆಯ ಶಕ್ತಿ ಕುಂದಿದ ಕಾರಣ 2022ರ ನಂತರ ಅದನ್ನು ನಿಲ್ಲಿಸಲಾಗಿದೆ. ಐಸಿಎಂಆರ್, ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಸೇರಿ ಹೊಸದನ್ನು ರೂಪಿಸುತ್ತಿದೆ.

ಈಗ ಕೈಯಲ್ಲಿರುವುದು ಉಣುಗನ್ನು ದೂರವಿಡುವ ಎಣ್ಣೆ ಮತ್ತು ಎಚ್ಚರ. ಹಿಂದೆ ಡಿಎಂಪಿ ಎಣ್ಣೆ ಹಂಚುತ್ತಿದ್ದರು, ಈಗ ಡಿಆರ್‌ಡಿಒ ರೂಪಿಸಿದ ಡೆಪಾ ಎಣ್ಣೆ. ಕಾಡಿಗೆ ಹೊರಡುವ ಮುನ್ನ ಪಾದ, ಕಾಲು, ಕೈ, ಕುತ್ತಿಗೆಗೆ ಹಚ್ಚಬೇಕು. ಬೆವರಿಗೆ ಇಳಿದುಹೋಗುತ್ತದೆ, ಆದ್ದರಿಂದ ಮಧ್ಯಾಹ್ನ ಮತ್ತೊಮ್ಮೆ ಹಚ್ಚಬೇಕು. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ನೆಲದ ಮೇಲೆ ಕೂರಬಾರದು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮೊಣಕಾಲ ಹಿಂಭಾಗ, ಕಿವಿಯ ಹಿಂದೆ ಬೆರಳಾಡಿಸಿ ನೋಡಬೇಕು. ಕಚ್ಚಿಕೊಂಡಿದ್ದರೆ ಚೂಪು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಾಕುವುದು, ಉಗುರಿನಿಂದ ಹಿಚುಕುವುದು ಬೇಡ. ಹಿಚುಕಿದರೆ ಅದರ ಹೊಟ್ಟೆಯಲ್ಲಿರುವುದು ಬೆರಳಿಗೆ, ಗಾಯಕ್ಕೆ ತಾಗುತ್ತದೆ.

ಅತಿ ಕಷ್ಟದ ವಿಷಯ ದರಕು. ಅಡಿಕೆ ತೋಟಕ್ಕೆ ಗೊಬ್ಬರ, ಕೊಟ್ಟಿಗೆಗೆ ಹಾಸು ಎಂದು ಬೇಸಿಗೆಯಲ್ಲಿ ಗುಡಿಸಿ ತರುವ ಒಣ ಎಲೆಯ ಜೊತೆ ಎಳೆ ಉಣುಗೂ ಅಂಗಳಕ್ಕೆ ಬರುತ್ತದೆ. ಕಾಡಿಗೇ ಹೋಗದ ಮನೆಯವರಿಗೂ ಜ್ವರ ಬರುವುದು ಹೀಗೆ. ದರಕು ಬಿಡಿ ಎಂದು ಹೇಳುವುದು ಸುಲಭ, ತೋಟ ಮಾಡುವವರಿಗೆ ಬಿಡುವುದು ಸುಲಭವಲ್ಲ. ಆದಷ್ಟು ನವೆಂಬರ್‌ಗೆ ಮೊದಲೇ ತಂದಿಟ್ಟುಕೊಳ್ಳುವುದು, ರಾಶಿಯನ್ನು ಮನೆ ಬಾಗಿಲಿಂದ ದೂರ ಹಾಕುವುದು, ಮಂಗ ಸತ್ತ ಜಾಗದ ಎಲೆಯನ್ನು ಆ ವರ್ಷ ಮುಟ್ಟದಿರುವುದು ಸಾಧ್ಯ.

ಕಚ್ಚಿದ 3ರಿಂದ 8 ದಿನಕ್ಕೆ ದಿಢೀರ್ ಜ್ವರ, ತಡೆಯಲಾರದ ತಲೆನೋವು, ಸೊಂಟ ಮತ್ತು ಮೀನಖಂಡಗಳ ನೋವು, ವಾಂತಿ. ಪ್ಲೇಟ್‌ಲೆಟ್ ಇಳಿಯುವುದರಿಂದ ಡೆಂಗಿ ಎಂದು ತಿಳಿಯುವ ಸಂಭವ ಹೆಚ್ಚು. ಕಾಡಿಗೆ ಹೋಗಿದ್ದೆ, ದರಕು ತಂದಿದ್ದೆ ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಮೊದಲ 4–5 ದಿನ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ, ಆಮೇಲೆ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ವೈರಸ್ ಕೊಲ್ಲುವ ಔಷಧಿ ಇಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ. ಬಹುತೇಕರು ಗುಣವಾಗುತ್ತಾರೆ, ನೂರರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಜ್ವರ ಬಿಟ್ಟಿತು ಎಂದು ಕೆಲಸಕ್ಕೆ ಹೋದ ಕೆಲವರಿಗೆ ವಾರ, ಎರಡು ವಾರದಲ್ಲಿ ಅದು ಮರಳುತ್ತದೆ. ಆಗ ಕುತ್ತಿಗೆ ಸೆಡೆತ, ಕೈ ನಡುಕ, ಮಂಕು ಕಂಡರೆ ಮೆದುಳಿಗೆ ತಟ್ಟಿದೆ ಎಂದೇ ತಿಳಿದು ಆಸ್ಪತ್ರೆಗೆ ಓಡಬೇಕು.

ಇಷ್ಟೆಲ್ಲ ಜನವರಿಯ ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ದನಗಳಿಗೆ ಪಶುವೈದ್ಯರು ಹೇಳಿದ ಉಣುಗುನಾಶಕ ಹಾಕಿದರೆ ಮೊಟ್ಟೆಯಿಡುವ ಹೆಣ್ಣು ಉಣುಗು ದನದ ಮೈಮೇಲೇ ಸಾಯುತ್ತದೆ. ಸುದ್ದಿ ಇಲ್ಲದ, ಜ್ವರ ಇಲ್ಲದ, ಯಾರೂ ಮಂಗದ ಮಾತೆತ್ತದ ಆ ಮಳೆಯ ತಿಂಗಳುಗಳಲ್ಲೇ ಕೊಟ್ಟಿಗೆಯ ಬಾಗಿಲಿಗೆ ಔಷಧಿ ಬರಬೇಕು.